ಕೋಡ್ ಗುರುತಿನ ಬೆನ್ನಿಗೇ ವಿಭಕ್ತಿ ಬಂದರೆ ಸ್ಫಿಂಕ್ಸ್ ಕೈಕೊಡುತ್ತಿದೆ (ಪರಿಹಾರ ಸಿಕ್ಕಿದೆ)

ನಾಲೆಬದಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ ಇರುವ ನಾವು ಕೆಲವರು ಸೇರಿ, ತೊಟ್ಟಿಯ ನೀರಿನ ಮಟ್ಟ ಅಳೆದು ಬರೆದಿಡುವ ಒಂದು ಸಾಧನವನ್ನು ಕಟ್ಟಿಕೊಂಡಿದ್ದೇವೆ. ರಾಸ್ಪ್‌ಬೆರಿ ಪೈ, ಒಂದು ಅಲ್ಟ್ರಾಸಾನಿಕ್ ಸಂವೇದಕ, ಉಳಿದದ್ದೆಲ್ಲ ಪೈಥಾನ್. ಪೈಥಾನ್ 3 ಕನ್ನಡದ ಹೆಸರುಗಳನ್ನು ಒಪ್ಪುವುದರಿಂದ ಫಂಕ್ಷನ್‌ಗಳಿಗೂ ಕಡತಗಳಿಗೂ ಕನ್ನಡದ ಹೆಸರನ್ನೇ ಇಟ್ಟಿದ್ದೇವೆ. ಊರಿನ ಹೈಸ್ಕೂಲು ಮಕ್ಕಳು ಓದಿ, ಕೈಹಾಕಿ, ತಿದ್ದುವಂತಿರಬೇಕು ಎಂಬುದು ನಮ್ಮ ಆಸೆ.

ಕೈಪಿಡಿ ಇದುವರೆಗೆ ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಬರಹ ಪದ್ಧತಿಯಲ್ಲಿತ್ತು. ಮುದ್ರಿಸಿ ಹಂಚಲು ಅನುಕೂಲವಾಗಲಿ ಎಂದು ಈಗ ಕೈಪಿಡಿಯ ಪುಟ ಕಟ್ಟುವ ತಂತ್ರಾಂಶವಾದ ಸ್ಫಿಂಕ್ಸ್‌ಗೆ ತಂದು, ಅದರ ಬರಹ ಪದ್ಧತಿಯಾದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಬರೆಯುತ್ತಿದ್ದೇವೆ. ತೊಂದರೆ ಶುರುವಾದದ್ದು ಇಲ್ಲಿಂದ. ಈ ಸಾಲನ್ನು ನೋಡಿ:

    ತೊಟ್ಟಿಯ ಎತ್ತರವನ್ನು ``ಮಟ್ಟ_ಓದು``ಗೆ ಕೊಡಿ.

ಪುಟ ಕಟ್ಟಿದಾಗ ಬ್ಯಾಕ್‌ಟಿಕ್‌ಗಳು (ಕೋಡನ್ನು ಸುತ್ತುವರಿದ ` ಚಿಹ್ನೆಗಳು) ಹಾಗೇ ಉಳಿಯುತ್ತವೆ. ಗುರುತಿನ ಆರಂಭ ಸಿಕ್ಕಿದೆ, ಅಂತ್ಯ ಸಿಕ್ಕಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಅಂತ್ಯ ಕಣ್ಣೆದುರಿಗೇ ಇದೆಯಲ್ಲ! ಇನ್ನೊಂದು ಪ್ಯಾರಾದಲ್ಲಿ ಎಚ್ಚರಿಕೆಯೇ ಇಲ್ಲ, ಆದರೆ ಅರ್ಧ ವಾಕ್ಯ ಕೋಡ್ ಆಗಿ ಕೂತಿದೆ:

    ಎತ್ತರವನ್ನು ``ಮಟ್ಟ_ಓದು``ಗೆ ಕೊಟ್ಟರೆ ``ದಾಖಲೆ`` ತುಂಬುತ್ತದೆ.

`**ಎಚ್ಚರಿಕೆ**ಯಿಂದ` ಎಂದು ಬರೆದರೆ ನಕ್ಷತ್ರಗಳೂ ಹೀಗೆಯೇ ಉಳಿಯುತ್ತವೆ. ಹಳೆಯ ಕಡತಗಳಿಂದ ತಂದ ಒಂಟಿ ಬ್ಯಾಕ್‌ಟಿಕ್‌ನ ಪದಗಳು ಕೋಡ್ ಆಗುವ ಬದಲು ಓರೆಯಾಗಿ ಮೂಡುತ್ತಿವೆ. ಮಾರ್ಕ್‌ಡೌನ್‌ನಲ್ಲಿ ಇವೆಲ್ಲ ಸರಿಯಿದ್ದವು. ಎಲ್ಲಿ ಹುಡುಕಬೇಕು, ದಯವಿಟ್ಟು ತಿಳಿಸಿ.

ಒಂಟಿಕೊಪ್ಪಲ್, ಮೈಸೂರು

ನಾಲೆಬದಿ ಅವರೇ, ನಿಮ್ಮ ಸ್ಫಿಂಕ್ಸ್ ಕೆಟ್ಟಿಲ್ಲ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನ ನಿಯಮವೇ ಹಾಗಿದೆ. ಮುಗಿಸುವ ಗುರುತು ಆದಮೇಲೆ ಖಾಲಿ ಜಾಗವಾಗಲಿ, ವಿರಾಮ ಚಿಹ್ನೆಯಾಗಲಿ, ಪ್ಯಾರಾದ ಕೊನೆಯಾಗಲಿ ಇರಲೇಬೇಕು. ಅಕ್ಷರ ಬಂದರೆ ಅದನ್ನು ಅಂತ್ಯವೆಂದು ಅದು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಪದ ಮುಗಿದಮೇಲೆ ಜಾಗವೋ ಅಲ್ಪವಿರಾಮವೋ ತಾನಾಗಿ ಬರುವುದರಿಂದ ಈ ನಿಯಮ ಯಾರಿಗೂ ತಟ್ಟುವುದಿಲ್ಲ. ನಮಗೆ ಗೆ, ಯಲ್ಲಿ, ಯಿಂದ, ದ ಎಲ್ಲವೂ ಪದದ ಬೆನ್ನಿಗೆ ಅಂಟಿಕೊಂಡೇ ಬರುತ್ತವೆ. ಹಾಗಾಗಿ ಹೆಜ್ಜೆಹೆಜ್ಜೆಗೂ ಎಡವುತ್ತೇವೆ.

ನಿಮ್ಮ ಎರಡನೆಯ ಸಾಲಿನಲ್ಲಿ ನಡೆದದ್ದು ಇದು: ಮೊದಲ ಜೋಡಿ ಬ್ಯಾಕ್‌ಟಿಕ್‌ನಿಂದ ಕೋಡ್ ಶುರುವಾಯಿತು. `ಓದು` ಆದಮೇಲಿನ ಜೋಡಿಯ ನಂತರ `ಗೆ` ಇದೆ, ಆದ್ದರಿಂದ ಅದು ಅಂತ್ಯವಲ್ಲ. `ದಾಖಲೆ`ಯ ಮುಂಚಿನ ಜೋಡಿ ಖಾಲಿ ಜಾಗದ ನಂತರ ಬಂದಿದೆ, ಅದೂ ಅಂತ್ಯವಾಗಲಾರದು. `ದಾಖಲೆ` ಮುಗಿದಮೇಲಿನ ಜೋಡಿಯ ನಂತರ ಜಾಗವಿದೆ, ಅದನ್ನು ಹಿಡಿಯಿತು. ಆರಂಭಕ್ಕೊಂದು ಅಂತ್ಯ ಸಿಕ್ಕಿದ್ದರಿಂದ ಎಚ್ಚರಿಕೆ ಹೊರಡಲಿಲ್ಲ. ಇಂಥವು ಬಹಳ ಅಪಾಯ. ಎಚ್ಚರಿಕೆಗಳ ಪಟ್ಟಿ ಖಾಲಿಯಾಯಿತೆಂದು ನೆಮ್ಮದಿಯಿಂದ ಮುದ್ರಣಕ್ಕೆ ಕಳುಹಿಸಬೇಡಿ, ಪುಟಗಳನ್ನು ಕಣ್ಣಿಟ್ಟು ನೋಡಿ.

ಪರಿಹಾರ ಚಿಕ್ಕದು. ಗುರುತು ಮುಗಿದ ಮೇಲೆ ಒಂದು ಬ್ಯಾಕ್‌ಸ್ಲ್ಯಾಷ್, ಅದಾದಮೇಲೆ ಒಂದು ಖಾಲಿ ಜಾಗ:

    ಎತ್ತರವನ್ನು ``ಮಟ್ಟ_ಓದು``\ ಗೆ ಕೊಟ್ಟರೆ ``ದಾಖಲೆ``\ ಯಲ್ಲಿ ಸೇರುತ್ತದೆ.

ಪುಟದಲ್ಲಿ ಆ ಬ್ಯಾಕ್‌ಸ್ಲ್ಯಾಷೂ ಕಾಣುವುದಿಲ್ಲ, ಜಾಗವೂ ಕಾಣುವುದಿಲ್ಲ. `ಗೆ` ನೇರವಾಗಿ ಕೋಡಿಗೆ ಅಂಟಿ ಕೂರುತ್ತದೆ. ದಪ್ಪ ಅಕ್ಷರಕ್ಕೂ ಇದೇ ಉಪಾಯ.

ಒಂಟಿ ಬ್ಯಾಕ್‌ಟಿಕ್ ವಿಷಯ: ಮಾರ್ಕ್‌ಡೌನ್‌ನಲ್ಲಿ ಅದು ಕೋಡ್. ಇಲ್ಲಿ ಅದಕ್ಕೆ ಬೇರೆ ಕೆಲಸ. ಯಾವ ಪಾತ್ರವನ್ನೂ (ಅದು ಯಾವ ಬಗೆಯ ಪದ ಎಂಬ ಸೂಚನೆ) ಹೇಳದೆ ಬರೆದರೆ ಕೃತಿಯ ಶೀರ್ಷಿಕೆ ಎಂದು ತಿಳಿದು ಓರೆ ಮಾಡುತ್ತದೆ. ಕೋಡ್ ಬೇಕಾದರೆ ಜೋಡಿಯೇ ಬೇಕು.

ನಾಲೆಬದಿ, ಮಂಡ್ಯ

ಬಹಳ ಉಪಕಾರವಾಯಿತು, ಸಾರ್. ಬ್ಯಾಕ್‌ಸ್ಲ್ಯಾಷ್ ಹಾಕಿದ ಕಡೆಯೆಲ್ಲ ಸರಿಯಾಯಿತು. ಆದರೆ ಈ ಕಡತಗಳನ್ನು ಮುಂದೆ ತಿದ್ದುವವರು ಮಕ್ಕಳು. ವಾಕ್ಯಕ್ಕೆ ನಾಲ್ಕು ಬ್ಯಾಕ್‌ಸ್ಲ್ಯಾಷ್ ಕಂಡರೆ ಮುಟ್ಟಲು ಹೆದರುತ್ತಾರೆ. ಒಂದೇ ಕಡೆ ಸರಿಪಡಿಸುವ ಸೆಟ್ಟಿಂಗ್ ಏನಾದರೂ ಇದೆಯೇ?

ಇನ್ನೊಂದು ವಿಚಿತ್ರವಿದೆ. ನಮ್ಮ ಗೆಳೆಯರೊಬ್ಬರು `ತೂಬಿನ` ಎಂಬಲ್ಲಿ ತೂಬು ಮಾತ್ರ ದಪ್ಪವಾಗಲಿ ಎಂದು ಹೀಗೆ ಬರೆದಿದ್ದರು:

    **ತೂಬ**\ ಿನ ಬಾಗಿಲು

ಪುಟದಲ್ಲಿ ದಪ್ಪ `ತೂಬ`, ಅದರ ಪಕ್ಕ ಚುಕ್ಕಿಗಳ ಒಂದು ವೃತ್ತ, ವೃತ್ತದ ತಲೆಯ ಮೇಲೆ ಗುಡಿಸು.

ಸರಸ್ವತೀಪುರಂ, ಮೈಸೂರು

ವೃತ್ತದಿಂದ ಶುರುಮಾಡುತ್ತೇನೆ, ಅದರಲ್ಲಿ ನಮ್ಮ ಲಿಪಿಯ ಸಂಗತಿಯೇ ಇದೆ. `ಬಿ` ಎಂಬುದು ಯೂನಿಕೋಡ್‌ನಲ್ಲಿ ಎರಡು ಸಂಕೇತ: ಬ ಮತ್ತು ಗುಡಿಸು. ಕಂಪ್ಯೂಟರಿನ ಮಟ್ಟಿಗೆ ಅವುಗಳ ನಡುವೆ ಗುರುತು ತೂರಿಸಲು ಅಡ್ಡಿಯಿಲ್ಲ. ಆದರೆ ದಪ್ಪ ಅಕ್ಷರ ಬೇರೆ ಫಾಂಟ್, ಮಾಮೂಲಿ ಅಕ್ಷರ ಬೇರೆ ಫಾಂಟ್. ಎರಡರ ನಡುವೆ ಅಕ್ಷರ ಕೂಡುವುದಿಲ್ಲ. ಗುಡಿಸು ತಬ್ಬಲಿಯಾಗಿ, ಇಲ್ಲೊಂದು ವ್ಯಂಜನ ಇರಬೇಕಿತ್ತು ಎಂದು ತೋರಿಸಲು ಆ ಚುಕ್ಕಿ ವೃತ್ತ ಬರುತ್ತದೆ. ಒತ್ತಕ್ಷರದ ನಡುವೆ ಗುರುತು ಹಾಕಿದರೂ ಇದೇ ಗತಿ: ಅರ್ಧಾಕ್ಷರ ಬಿಡಿಯಾಗಿ ನಿಲ್ಲುತ್ತದೆ, ಒತ್ತು ಮೂಡುವುದಿಲ್ಲ.

ಅದಕ್ಕೇ ನಾನು ಕೋಡನ್ನೂ ಒತ್ತುಕೊಡುವುದನ್ನೂ ಬೇರೆಬೇರೆಯಾಗಿ ಕಾಣುತ್ತೇನೆ. ಒತ್ತುಕೊಡಬೇಕಾದರೆ ಪ್ರತ್ಯಯ ಸಮೇತ ಇಡೀ ಪದಕ್ಕೆ ಕೊಡಿ: `**ತೂಬಿನ** ಬಾಗಿಲು`, `**ಎಚ್ಚರಿಕೆಯಿಂದ** ತೆರೆಯಿರಿ`. ಓದುಗರ ಕಿವಿಗೆ ಅದು ಒಂದೇ ಪದ, ಅರ್ಧ ದಪ್ಪ ಅರ್ಧ ತೆಳು ಮಾಡಿ ಏನು ಸಿಗುತ್ತದೆ? ಬ್ಯಾಕ್‌ಸ್ಲ್ಯಾಷ್‌ನ ಮಾತೇ ಅಲ್ಲಿ ಏಳುವುದಿಲ್ಲ. ಕೋಡ್ ಹಾಗಲ್ಲ. ಗುರುತಿನೊಳಗಿರುವುದನ್ನು ಓದುಗರು ಹಾಗೇ ಟೈಪ್ ಮಾಡುತ್ತಾರೆ. ``ಮಟ್ಟ_ಓದುಗೆ`` ಎಂದು ಒಳಗೆ ಸೇರಿಸಿದರೆ ಹುಡುಗರು ಅದನ್ನೇ ಟೈಪ್ ಮಾಡಿ, ಅಂಥ ಹೆಸರಿಲ್ಲ ಎಂಬ ದೋಷ ಕಂಡು ಕಂಗಾಲಾಗುತ್ತಾರೆ. ಪ್ರತ್ಯಯ ಹೊರಗೇ ಇರಬೇಕು, ಇದರಲ್ಲಿ ರಾಜಿಯಿಲ್ಲ.

ಸೆಟ್ಟಿಂಗ್ ಇದೆ. ಸ್ಫಿಂಕ್ಸ್ ಒಳಗೆ ಕೆಲಸ ಮಾಡುವುದು ಡಾಕ್ಯುಟಿಲ್ಸ್. ಅದರ ಸಂರಚನಾ ಕಡತದಲ್ಲಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಪಾರ್ಸರ್ ಎಂಬ ವಿಭಾಗದಡಿ ‘ಕ್ಯಾರೆಕ್ಟರ್ ಲೆವೆಲ್ ಇನ್‌ಲೈನ್ ಮಾರ್ಕಪ್’ ಎಂಬ ಆಯ್ಕೆ ಸಿಗುತ್ತದೆ. ಪದಗಳ ನಡುವೆ ಅಂಡರ್‌ಸ್ಕೋರ್ ಸೇರಿಸಿ ಬರೆದು, ಹೌದು ಎಂದು ಕೊಟ್ಟು, ಆ ಕಡತವನ್ನು ಸ್ಫಿಂಕ್ಸ್‌ನ ಸಂರಚನಾ ಕಡತದ ಪಕ್ಕದಲ್ಲೇ ಇಡಿ. ಆಮೇಲೆ ಅಕ್ಷರದ ಪಕ್ಕದಲ್ಲೂ ಗುರುತುಗಳು ಕೆಲಸ ಮಾಡುತ್ತವೆ. ಆದರೆ ಇದು ಇಬ್ಬಾಯಿಯ ಕತ್ತಿ. ಪ್ಯಾರಾದಲ್ಲಿ `3*4*5` ಎಂದು ಬರೆದರೆ 4 ಓರೆಯಾಗುತ್ತದೆ. ಕೋಡ್ ಗುರುತಿಲ್ಲದೆ `ಮಟ್ಟ_ಓದು` ಎಂದು ಬರೆದರೆ ಅಂಡರ್‌ಸ್ಕೋರನ್ನು ಕೊಂಡಿಯೆಂದು ತಿಳಿದು, ಗುರಿ ಸಿಗಲಿಲ್ಲವೆಂದು ಗೊಣಗುತ್ತದೆ. ಅಂಥಲ್ಲಿ ಬ್ಯಾಕ್‌ಸ್ಲ್ಯಾಷ್ ಹಾಕಬೇಕಾಗುತ್ತದೆ. ನಿಮ್ಮ ಕಡತಗಳಲ್ಲಿ ಅಂಡರ್‌ಸ್ಕೋರ್ ಹೆಸರುಗಳೇ ತುಂಬಿರುವುದರಿಂದ ನಾನಾದರೆ ಈ ಆಯ್ಕೆಗೆ ಹೋಗುವುದಿಲ್ಲ.

ನಾನು ಮಾಡುವುದು ಇಷ್ಟೇ. ಕೋಡ್ ಆದಮೇಲೆ ಅದು ಏನೆಂದು ಹೇಳುವ ಒಂದು ನಾಮಪದವನ್ನು ತಂದು, ಪ್ರತ್ಯಯವನ್ನು ಅದಕ್ಕೆ ಹಚ್ಚುತ್ತೇನೆ:

    ಎತ್ತರವನ್ನು ``ಮಟ್ಟ_ಓದು`` ಫಂಕ್ಷನ್‌ಗೆ ಕೊಡಿ.
    ಫಲಿತಾಂಶವು ``ದಾಖಲೆ`` ಕಡತದಲ್ಲಿ ಸೇರುತ್ತದೆ.

ಗುರುತು ಆದಮೇಲೆ ಜಾಗ ತಾನಾಗಿ ಬಂತು. ಯಾವ ಮಾರ್ಕಪ್‌ಗೆ ಬದಲಾಯಿಸಿದರೂ ಈ ವಾಕ್ಯ ಮುರಿಯುವುದಿಲ್ಲ. ಹೊಸದಾಗಿ ಕಲಿಯುವ ಮಕ್ಕಳಿಗೆ ಯಾವುದು ಫಂಕ್ಷನ್, ಯಾವುದು ಕಡತ ಎಂಬುದೂ ತಿಳಿಯಿತು.

ಕುವೆಂಪುನಗರ, ಮೈಸೂರು

ಸರಸ್ವತೀಪುರಂ ಅವರ ಸಲಹೆ ಒಳ್ಳೆಯದೇ, ಆದರೆ ಪ್ರತಿ ವಾಕ್ಯದಲ್ಲೂ ಫಂಕ್ಷನ್, ಕಡತ, ಆಜ್ಞೆ ಎಂದು ಬಂದರೆ ಓದು ಭಾರವಾಗುತ್ತದೆ. ಹೆಸರು ಮೊದಲ ಸಲ ಬಂದಾಗ ನಾಮಪದ ಕೊಟ್ಟು, ಆಮೇಲೆ ಪ್ರತ್ಯಯವನ್ನು ನೇರವಾಗಿ ಹಚ್ಚಿದರೆ ಗದ್ಯ ಹಗುರವಾಗಿರುತ್ತದೆ. ಒಂದು ಬ್ಯಾಕ್‌ಸ್ಲ್ಯಾಷ್‌ಗೆ ಅಂಜಿ ಕನ್ನಡದ ವಾಕ್ಯವನ್ನು ಉದ್ದಮಾಡುವುದು ನನಗೆ ಒಪ್ಪಿಗೆಯಿಲ್ಲ.

ಮಾರ್ಕ್‌ಡೌನ್‌ನಲ್ಲಿ ಎಲ್ಲವೂ ಸರಿಯಿತ್ತು ಎಂದಿರಿ, ಅದೂ ಪೂರ್ತಿ ನಿಜವಲ್ಲ. 2014ರಲ್ಲಿ ಪ್ರಕಟವಾದ, ಮಾರ್ಕ್‌ಡೌನ್‌ನ ನಿಖರ ನಿಯಮಾವಳಿಯಾದ ಕಾಮನ್‌ಮಾರ್ಕ್‌ನ ಪ್ರಕಾರ ಬ್ಯಾಕ್‌ಟಿಕ್‌ಗೆ ಅಕ್ಕಪಕ್ಕದ ಹಂಗಿಲ್ಲ, ನಕ್ಷತ್ರ ಪದದ ನಡುವೆಯೂ ನಡೆಯುತ್ತದೆ, ಅಂಡರ್‌ಸ್ಕೋರ್ ನಡೆಯುವುದಿಲ್ಲ. `_ಎಚ್ಚರಿಕೆ_ಯಿಂದ` ಎಂದು ಬರೆದು ನೋಡಿ, ಓರೆಯಾಗದೆ ಹಾಗೇ ಉಳಿಯುತ್ತದೆ. ನಕ್ಷತ್ರಕ್ಕೂ ಒಂದು ಗುಂಡಿ ಇದೆ:

    **ಮಟ್ಟ (ಸೆಂ.ಮೀ.)**ದಲ್ಲಿ

ಮುಗಿಸುವ ನಕ್ಷತ್ರಕ್ಕೆ ಮುಂಚಿನದು ಆವರಣ, ಆಮೇಲಿನದು ಅಕ್ಷರ. ಹೀಗಿದ್ದಾಗ ಅದನ್ನು ಅಂತ್ಯವೆಂದು ಎಣಿಸುವುದಿಲ್ಲ, ನಾಲ್ಕು ನಕ್ಷತ್ರವೂ ಪುಟದ ಮೇಲೆ ಬರುತ್ತವೆ. ಉದ್ಧರಣ ಚಿಹ್ನೆ, ಆಶ್ಚರ್ಯಸೂಚಕ ಇವುಗಳಿಗೂ ಹೀಗೆಯೇ. ಚಿಹ್ನೆಯನ್ನು ಗುರುತಿನ ಹೊರಗೆ ತಂದರೆ ಸರಿಹೋಗುತ್ತದೆ.

ಆಸ್ಕಿಡಾಕ್ ಎಂಬ ಇನ್ನೊಂದು ಬರಹ ಪದ್ಧತಿ ಬಳಸುವವರಿಗೆ ಒಂದು ಮಾತು: ಅಲ್ಲಿ ಒಂಟಿ ಗುರುತು ಇಡೀ ಪದಕ್ಕೆ, ಜೋಡಿ ಗುರುತು ಪದದ ತುಣುಕಿಗೆ. ನಮ್ಮ ಪ್ರತ್ಯಯಗಳಿಗೆ ಜೋಡಿ ಹಾಕಿದರೆ ಸಾಕು. ನನ್ನ ಕಣ್ಣಿಗೆ ಕನ್ನಡಕ್ಕೆ ಅತಿ ಹೊಂದುವ ವ್ಯವಸ್ಥೆ ಅದು.

ಮದ್ದೂರು

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಬೇಸರಿಸಬೇಡಿ. ನಾನು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಬರೆಯುವವನು. ಬ್ಯಾಕ್‌ಟಿಕ್ ಒತ್ತಿದರೆ `ೊ` ಬರುತ್ತದೆ. ಗುರುತು ಹಾಕುವುದಾದರೂ ಹೇಗೆ?

ಒಂಟಿಕೊಪ್ಪಲ್, ಮೈಸೂರು

ಇನ್‌ಸ್ಕ್ರಿಪ್ಟ್‌ನಲ್ಲಿ ಆ ಕೀಲಿ ಹ್ರಸ್ವ ಒಕಾರಕ್ಕೆ ಮೀಸಲು, ಮದ್ದೂರು ಅವರೇ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷ್ ವಿನ್ಯಾಸಕ್ಕೆ ಹೋಗಿ, ಗುರುತು ಹಾಕಿ ಮರಳುವುದು ಒಂದು ದಾರಿ. ನನಗೆ ಹಿಡಿಸಿದ್ದು ಬೇರೆ: ಕರಡು ಬರೆಯುವಾಗ ಬ್ಯಾಕ್‌ಟಿಕ್‌ಗೆ ಬದಲಾಗಿ ಬರಹದಲ್ಲಿ ಬೇರೆಲ್ಲೂ ಬಾರದ ಒಂದು ಚಿಹ್ನೆಯನ್ನು ಹಾಕುತ್ತಾ ಹೋಗಿ, ಕೊನೆಯಲ್ಲಿ ಹುಡುಕಿ-ಬದಲಿಸುವ ಸೌಲಭ್ಯದಿಂದ ಎಲ್ಲವನ್ನೂ ಒಮ್ಮೆಗೇ ಬದಲಿಸಿ. ಬರೆಯುವ ಓಟ ತಪ್ಪುವುದಿಲ್ಲ.

ನಾಲೆಬದಿ, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ಸೆಟ್ಟಿಂಗ್ ಬೇಡವೆಂದು ತೀರ್ಮಾನಿಸಿದೆವು. ಮಕ್ಕಳ ಅಧ್ಯಾಯಗಳಲ್ಲಿ ನಾಮಪದದ ದಾರಿ, ದುರಸ್ತಿಯ ಅಧ್ಯಾಯದಲ್ಲಿ ಬ್ಯಾಕ್‌ಸ್ಲ್ಯಾಷ್. ಒತ್ತುಕೊಟ್ಟ ಪದಗಳನ್ನೆಲ್ಲ ಪ್ರತ್ಯಯ ಸಮೇತ ದಪ್ಪ ಮಾಡಿದ್ದೇವೆ.

ಒಂದು ಮಾತ್ರ ಉಳಿದಿದೆ. ಕೈಪಿಡಿಯ ಪುಟದಿಂದ ``ಪಂಪ್‌ಮನೆ`` ಎಂಬ ಹೆಸರನ್ನು ನಕಲಿಸಿ ಪೈಥಾನ್‌ನಲ್ಲಿ ಅಂಟಿಸಿದರೆ, ಮುದ್ರಿಸಲಾಗದ ಅಕ್ಷರವಿದೆ ಎಂದು ದೋಷ ಬರುತ್ತದೆ. ಸಂಕೇತ 200ಸಿ ಎಂದು ತೋರಿಸುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಸರಸ್ವತೀಪುರಂ, ಮೈಸೂರು

ಅದು ಶೂನ್ಯ ಅಗಲದ ಅಸಂಯೋಜಕ. ಪ್ ಮತ್ತು ಮ ಕೂಡಿ ಒತ್ತಕ್ಷರವಾಗದಿರಲಿ ಎಂದು ನಡುವೆ ಹಾಕುತ್ತೇವಲ್ಲ, ಅದೇ. ಗದ್ಯದಲ್ಲಿ ಅದು ಬೇಕೇ ಬೇಕು. ಆದರೆ ಪೈಥಾನ್ ಹೆಸರುಗಳ ಒಳಗೆ ಅದಕ್ಕೆ ಪ್ರವೇಶವಿಲ್ಲ. ಪ್ರೋಗ್ರಾಮಿನಲ್ಲಿ ಅದಿಲ್ಲದ `ಪಂಪ್ಮನೆ` ಇರುತ್ತದೆ, ಕೈಪಿಡಿ ಬರೆದವರ ಬೆರಳಿಗೆ ರೂಢಿಯಂತೆ ಅದು ಬಂದುಬಿಟ್ಟಿರುತ್ತದೆ. ಹೆಸರನ್ನೇ `ಪಂಪ್_ಮನೆ` ಎಂದು ಬದಲಿಸಿ. ಅಂಡರ್‌ಸ್ಕೋರ್ ನಡುವೆ ಇದ್ದಾಗ ಒತ್ತಕ್ಷರವಾಗುವ ಪ್ರಶ್ನೆಯಿಲ್ಲ, ಅಡಗಿದ ಅಕ್ಷರವೂ ಬೇಕಿಲ್ಲ. ಉಳಿದ ಹೆಸರುಗಳಿಗೆ, ಜೋಡಿ ಬ್ಯಾಕ್‌ಟಿಕ್‌ಗಳ ನಡುವೆ ಆ ಸಂಕೇತವಿದೆಯೇ ಎಂದು ಹುಡುಕುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಪುಟ ಕಟ್ಟುವ ಮುಂಚೆ ಓಡಿಸಿ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಆರ್ಗ್ ಮೋಡ್ (ಈಮ್ಯಾಕ್ಸ್ ಸಂಪಾದಕದ ಬರಹ ಪದ್ಧತಿ) ಬಳಸುವವರು ಪ್ರತ್ಯಯದ ಮುಂಚೆ ಶೂನ್ಯ ಅಗಲದ ಜಾಗವನ್ನು ಸೇರಿಸುತ್ತಾರೆ, ಅಲ್ಲಿ ಅದು ಒಪ್ಪಿತ ಪದ್ಧತಿ. ಅದು ಗುರುತಿನ ಹೊರಗೇ ಇರುವಂತೆ ನೋಡಿಕೊಳ್ಳಿ.

ಕುವೆಂಪುನಗರ, ಮೈಸೂರು

ಪುಟದ ಸ್ಟೈಲ್ ಕಡತವನ್ನು ತೆರೆದಾಗ ಒಂಟಿ ನಕ್ಷತ್ರದ ಓರೆಯನ್ನೂ ತೆಗೆದುಬಿಡಿ. ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಓರೆ ಅಕ್ಷರಗಳೇ ಇಲ್ಲ. ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಎಳೆದು ಬಾಗಿಸುತ್ತದೆ, ಕೆಳಗಿನ ಒತ್ತುಗಳು ಪಕ್ಕಕ್ಕೆ ಸರಿದು ಓದಲು ಹಿಂಸೆಯಾಗುತ್ತದೆ. ಓರೆಯ ಬದಲು ದಪ್ಪ ಕೊಡಿ.

ನಾಲೆಬದಿ, ಮಂಡ್ಯ

ಹೆಸರನ್ನು `ಪಂಪ್_ಮನೆ` ಎಂದು ಬದಲಿಸಿದೆವು, ಈಗ ನಕಲಿಸಿದರೆ ನಡೆಯುತ್ತಿದೆ. ಸ್ಕ್ರಿಪ್ಟ್ ಓಡಿಸಿದಾಗ `ಸೆನ್ಸರ್‌ದೂರ` ಎಂಬುದರಲ್ಲೂ ಅದೇ ಅಕ್ಷರ ಸಿಕ್ಕಿತು. ಸ್ಟೈಲ್ ಕಡತವನ್ನು ತಿದ್ದಿ ಮುದ್ರಣದ ಕರಡನ್ನು ತೆಗೆಯುತ್ತಿದ್ದೇವೆ. ಎಳೆಯನ್ನು ಪರಿಹಾರವಾದದ್ದೆಂದು ಗುರುತಿಸಿದ್ದೇನೆ.