ಕಾಫಿಗೆ ಲಂಡನ್ ರೇಟು ಬೇಕು, ಮೆಣಸಿಗೆ ಹೊರಗಿನ ಮಾಲು ಬೇಡ: ಇದು ನ್ಯಾಯನಾ?

ಮೂಡಿಗೆರೆ ಹುಡುಗ:
ನಮ್ಮದು ನಾಲ್ಕು ಎಕರೆ. ಕೆಳಗೆ ರೋಬಸ್ಟಾ ಕಾಫಿ, ನೆರಳಿನ ಸಿಲ್ವರ್ ಮರಕ್ಕೆ ಕರಿಮೆಣಸಿನ ಬಳ್ಳಿ. ವಿಯೆಟ್ನಾಂ, ಬ್ರೆಜಿಲ್ ಕಡೆ ಮಳೆ ಕೈಕೊಟ್ಟು 2025ರ ಶುರುವಿನಲ್ಲಿ ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತ್ತಲ್ಲ, ಆಗ ಅಪ್ಪ ಕಣದಲ್ಲಿ ಒಣಹಾಕಿದ ಕಾಫಿ ಹಣ್ಣು ಕೆದಕುತ್ತಲೇ ಹತ್ತು ಸಲ ಮೊಬೈಲ್ ನೋಡುತ್ತಿದ್ದರು. ಅದೇ ಅಪ್ಪ ಮೆಣಸಿನ ಮಾತು ಬಂದರೆ ಸಾಕು, ಹೊರಗಿನ ಮಾಲು ಒಳಗೆ ಬಿಡಲೇಬಾರದು ಅಂತ ಕೂಗಾಡುತ್ತಾರೆ. ಒಂದೇ ತೋಟದಲ್ಲಿ ನಿಂತು ಎರಡು ಮಾತು ಸರಿನಾ?

ಘಟ್ಟದ ಮೇಲಿನವರು:
ನಿಮ್ಮಪ್ಪ ಸುಮ್ನೆ ಕೂಗಾಡುತ್ತಿಲ್ಲ ತಮ್ಮಾ. 2017ರ ಹೊತ್ತಿಗೆ ವಿಯೆಟ್ನಾಂ ಮೆಣಸು ನೇರ ಬಂದರೆ ಶೇ 50ಕ್ಕಿಂತ ಜಾಸ್ತಿ ಸುಂಕ, ಶ್ರೀಲಂಕಾದಿಂದ ಬಂದರೆ ಸಾರ್ಕ್ ಅಂದರೆ ದಕ್ಷಿಣ ಏಷ್ಯಾ ದೇಶಗಳ ಒಪ್ಪಂದದಲ್ಲಿ ಬರೀ ಶೇ 8. ವಿಯೆಟ್ನಾಂ ಮಾಲೇ ಕೊಲಂಬೊದಲ್ಲಿ ಕಾಗದ ಬದಲಿಸಿಕೊಂಡು ಇಲ್ಲಿಗೆ ಬರುತ್ತಿದೆ ಅಂತ ಬೆಳೆಗಾರರೆಲ್ಲ ಗಲಾಟೆ ಮಾಡಿದೆವು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಮಾಲು ತರುವಂತಿಲ್ಲ. ಆಮೇಲೂ ಬಿಲ್ಲಿನಲ್ಲಿ ಮಾತ್ರ 500 ತೋರಿಸಿ ತರುತ್ತಾರೆ ಅನ್ನುವ ದೂರು ನಿಲ್ಲಲಿಲ್ಲ. ಇದಕ್ಕೆ ವ್ಯಾಪಾರ ಅಂತಾರಾ?

ಕೊಚ್ಚಿ ಕನ್ನಡತಿ:
ಅಣ್ಣಾ, ಕಳ್ಳದಾರಿ ತಪ್ಪು, ಒಪ್ಪಿದೆ. ಆದರೆ ಬರುವ ಮೆಣಸೆಲ್ಲ ಕಳ್ಳಮಾಲಲ್ಲ. ನಾನಿರುವುದು ಮಸಾಲೆ ಸತ್ವ ತೆಗೆಯುವ ಫ್ಯಾಕ್ಟರಿಯಲ್ಲಿ. ಹೊರಗಿನಿಂದ ಮೆಣಸು ತಂದು, ಸತ್ವ ತೆಗೆದು, ಡ್ರಮ್ಮಿಗೆ ತುಂಬಿ ಮತ್ತೆ ಹೊರದೇಶಕ್ಕೇ ಕಳಿಸುತ್ತೇವೆ. ವಾಪಸ್ ಕಳಿಸುವ ಷರತ್ತಿನ ಮೇಲೆ ಸುಂಕ ಇಲ್ಲ. ಇನ್‌ಸ್ಟಂಟ್ ಕಾಫಿಯವರೂ ಹೀಗೇ ರೋಬಸ್ಟಾ ತರಿಸುತ್ತಾರೆ. ಬಾಗಿಲು ಹಾಕಿದರೆ ಈ ಕೆಲಸವೇ ಬೇರೆ ದೇಶಕ್ಕೆ ಹೋಗುತ್ತದೆ, ನಿಮ್ಮ ಮೆಣಸಿನ ರೇಟು ಅದರಿಂದ ಏರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ.

ಹಳೇ ಜೀಪು:
ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹೊರಗೆ ಹೋಗುತ್ತದೆ, ಇಟಲಿ, ಜರ್ಮನಿಯವರು ಕುಡಿಯದಿದ್ದರೆ ನಮ್ಮ ಚೀಲ ಗೋಡೌನಿನಲ್ಲೇ. ಮೆಣಸಿನಲ್ಲಿ ಬಹುಪಾಲು ನಮ್ಮ ಸಾರಿಗೇ ಬೀಳುತ್ತದೆ. ಅದಕ್ಕೇ ಒಂದಕ್ಕೆ ಬಾಗಿಲು ತೆಗೀರಿ, ಇನ್ನೊಂದಕ್ಕೆ ಹಾಕಿ ಅನ್ನುವುದು. ಸ್ವಾರ್ಥವೇ, ಮುಚ್ಚಿಡುವುದೇಕೆ.

ಕಾಫಿ ಬಾಗಿಲು ತೆಗೆದಾಗಲೂ ಬರೀ ಸಿಹಿ ಇರಲಿಲ್ಲ. ಮುಂಚೆ ಬೆಳೆದದ್ದೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವಲ್ಲಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು, ಮಗಳ ಮದುವೆ ಇದ್ದರೂ ಕಾಯಬೇಕು. 1996ಕ್ಕೆ ಬೆಳೆದದ್ದನ್ನೆಲ್ಲ ನೀವೇ ಮಾರಿಕೊಳ್ಳಿ ಅಂತ ಪೂರ್ತಿ ಬಿಟ್ಟರು. ನಾವು ಖುಷಿಯಲ್ಲಿ ಜೀಪು ತಗೊಂಡೆವು. ಅಷ್ಟರಲ್ಲಿ ವಿಯೆಟ್ನಾಂ ರೋಬಸ್ಟಾ ಮಾರುಕಟ್ಟೆಗೆ ನುಗ್ಗಿತ್ತು. 2001ರಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಜಾತಿ ಕಾಫಿ ಅರೇಬಿಕಾ ಕೂಡ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಅಂತ ಮೇಲಿನ ಪಟ್ಟೆಯ ಹಣ್ಣು ಗಿಡದಲ್ಲೇ ಬಿಟ್ಟೆವು, ಕಪ್ಪಾಗಿ ಉದುರಿತು. ಜೀಪು ಮಾರಿದೆವು, ಅದೂ ಅರ್ಧ ರೇಟಿಗೆ.

ಮೂಡಿಗೆರೆ ಹುಡುಗ:
ಕಾಫಿ ಹೊರಗೆ, ಮೆಣಸು ಒಳಗೆ ಅಂತ ನಾನು ಯೋಚಿಸಿರಲೇ ಇಲ್ಲ, ಥ್ಯಾಂಕ್ಸ್. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಸುಂಕ, ಒಪ್ಪಂದ ಯಾವುದಕ್ಕೂ ಮಾತಾಡಲಿಲ್ಲ, ಜೀಪಿನ ಕಥೆಗೆ ಮಾತ್ರ ನಕ್ಕರು. ನಮ್ಮ ಮನೆಯಲ್ಲೂ ಒಂದು ಇತ್ತಂತೆ, ನಾನು ಹುಟ್ಟುವ ಮೊದಲೇ ಮಾರಿದರಂತೆ. ಮೂರು ಚೀಲ ಮೆಣಸು ಇನ್ನೂ ಅಟ್ಟದ ಮೇಲಿದೆ, ಈ ರೇಟಿಗೆ ಮುಟ್ಟಬೇಡ ಅಂದಿದ್ದಾರೆ.