ಆರ್‌ಪಿಜಿಯಲ್ಲಿ ಗೇ, ಟ್ರಾನ್ಸ್ ಪಾತ್ರ ಬರೆಯುವುದು ಹೇಗೆ? ಮೊದಲೇ ಹೇಳಬೇಕಾ, ಸುಮ್ನೆ ಬಿಡಬೇಕಾ?

ದಾವಣಗೆರೆ_ಡ್ರೂಯಿಡ್:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಚಿಕ್ಕಪ್ಪನ ಮಗನೂ ಸೇರಿ ಗೊಡಾಟ್ ಎಂಬ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದು ಚಿಕ್ಕ ಟೂ-ಡಿ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ಗೇಮ್) ಮಾಡುತ್ತಿದ್ದೇವೆ. ಒಂದು ಊರು, ಒಂದು ಕೋಟೆ, ನೀರು ಕುಡಿದವರ ನೆರಳು ಕದಿಯುವ ಒಂದು ಕೆರೆ. ಪಾರ್ಟಿಯಲ್ಲಿ, ಅಂದರೆ ನಾಯಕನ ಜೊತೆ ಓಡಾಡುವ ತಂಡದಲ್ಲಿ, ಇರುವ ಬಿಲ್ಲುಗಾರ ಬೊಮ್ಮ ಗೇ. ಗುಡಿ ಪಕ್ಕದಲ್ಲಿ ಮದ್ದು ಕೊಡುವ ಹೊನ್ನಮ್ಮ ಟ್ರಾನ್ಸ್ ಹೆಂಗಸು. ನಮ್ಮ ಕಡೆಯ ಜೋಗತಿಯರನ್ನು ನೋಡಿ ಹೊಳೆದ ಪಾತ್ರ ಅದು.

ಈಗ ನನಗೂ ತಮ್ಮನಿಗೂ ಜಗಳ. ಮೊದಲ ಡೈಲಾಗ್‌ನಲ್ಲೇ ಹೇಳಿಬಿಡೋಣ, ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ತಮ್ಮನ ವಾದ. ಹಾಗೆ ಹೇಳಿದರೆ ಬೋರ್ಡ್ ತಗುಲಿಸಿದ ಹಾಗಿರುತ್ತೆ ಅಂತ ನನಗನ್ನಿಸುತ್ತದೆ. ಆಡಿ ನೋಡಿದ ಗೆಳೆಯನೊಬ್ಬ "ಡ್ರ್ಯಾಗನ್ ಕೊಲ್ಲೋಕೆ ಬಂದವನಿಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದ. ನಮ್ಮ ಗೇಮ್‌ನಲ್ಲಿ ಡ್ರ್ಯಾಗನ್ನೇ ಇಲ್ಲ, ಅದು ಬೇರೆ ಮಾತು. ಚೆನ್ನಾಗಿ ಮಾಡಿದ ಗೇಮ್‌ಗಳು ಯಾವುವು, ಹೇಗೆ ಮಾಡಿವೆ, ಸ್ವಲ್ಪ ಹೇಳಿ.

ಸೇವ್_ಸ್ಕಮ್ಮರ್:

ಸ್ಕೈರಿಮ್ ಗೇಮ್ ನೋಡಿ ಗುರು. 2011ರಲ್ಲೇ ಮಾರಾ ದೇವತೆಯ ತಾಯಿತ ಕೊರಳಿಗೆ ಹಾಕಿಕೊಂಡು ಹೋದರೆ, ಮದುವೆಗೆ ಒಪ್ಪುವ ಪಾತ್ರಗಳು ನೀವು ಗಂಡೋ ಹೆಣ್ಣೋ ಅಂತ ಕೇಳುತ್ತಿರಲಿಲ್ಲ. ರಿಫ್ಟನ್ ಗುಡಿಗೆ ಹೋಗಿ, ಮದುವೆ ಆಗಿ, ಮುಗೀತು. ಭಾಷಣವೂ ಇಲ್ಲ, ಜಗಳವೂ ಇಲ್ಲ. ಅಷ್ಟು ಮಾಡಿದರೆ ಸಾಕು.

ಹುಬ್ಬಳ್ಳಿ_ಮೇಜ್:

ಡ್ರೂಯಿಡ್ ಅವರೇ, ನಾನು ಗೇ. ಈ ತರದ ಗೇಮ್‌ಗಳನ್ನು ಕಾಲೇಜಿನಿಂದ ಆಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸ್ಕೈರಿಮ್‌ನದು ಆಡುವವನಿಗೆ ಕೊಟ್ಟ ಅನುಕೂಲ. ಒಳ್ಳೆಯದೇ. ಆದರೆ ಅಲ್ಲಿ ಮದುವೆಗೆ ಸಿಗುವ ಯಾರೂ ಗೇ ಅಲ್ಲ, ಸ್ಟ್ರೇಟೂ ಅಲ್ಲ. ನಾವು ಹೋಗಿ ಕೇಳುವ ತನಕ ಅವರಿಗೆ ಆಸೆ ಅನ್ನುವುದೇ ಇಲ್ಲ. ಬೊಮ್ಮನನ್ನು ಹಾಗೆ ಮಾಡಬೇಡಿ.

ತಮ್ಮನ ದಾರಿ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2016ರ ಸೀಜ್ ಆಫ್ ಡ್ರ್ಯಾಗನ್‌ಸ್ಪಿಯರ್‌ನಲ್ಲಿ ಮಿಝೆನಾ ಎಂಬ ಟ್ರಾನ್ಸ್ ಪೂಜಾರಿಣಿ ಬರುತ್ತಾಳೆ. ಹೆಸರಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಸಾಕು, ಹುಟ್ಟಿನಿಂದ ಹಿಡಿದು ಎಲ್ಲ ಹೇಳಿ ಮುಗಿಸುತ್ತಾಳೆ. ಆಮೇಲೆ ಅವಳ ಜೊತೆ ಮಾತಾಡಲು ಏನೂ ಉಳಿಯುವುದಿಲ್ಲ. ಆಗ ನೆಟ್‌ನಲ್ಲಿ ಎದ್ದ ಗಲಾಟೆಯಲ್ಲಿ ಶುದ್ಧ ದ್ವೇಷವೇ ಜಾಸ್ತಿ ಇತ್ತು. ಅದನ್ನು ಪಕ್ಕಕ್ಕಿಟ್ಟು ನೋಡಿದರೂ ಪಾತ್ರ ತೆಳುವೇ. ಮಾಡಿದ ಬೀಮ್‌ಡಾಗ್ ಕಂಪನಿಯೇ ಅವಳ ಕಥೆಯನ್ನು ಬೆಳೆಸುತ್ತೇವೆ ಎಂದಿತು.

ಈಗ ಡ್ರ್ಯಾಗನ್ ಏಜ್: ಇನ್ಕ್ವಿಸಿಷನ್‌ನ ಕ್ರೆಮ್ ನೋಡಿ. ಐರನ್ ಬುಲ್‌ನ ಕೂಲಿ ಸೈನಿಕರ ತಂಡದಲ್ಲಿ ಬುಲ್‌ನ ಬಲಗೈ. ಟೆವಿಂಟರ್ ಎಂಬ ದೇಶದ ಸೇನೆ ಬಿಟ್ಟು ಓಡಿ ಬಂದವನು. ಅವನನ್ನು ಹಿಡಿದು ಬಡಿಯುತ್ತಿದ್ದಾಗ ಅಡ್ಡ ಬಂದೇ ಬುಲ್ ಒಂದು ಕಣ್ಣು ಕಳೆದುಕೊಂಡದ್ದು. ಅಪ್ಪ ದರ್ಜಿ, ಇವನೂ ಹೊಲಿಯುತ್ತಾನೆ, ನಗ್ ಎಂಬ ಪ್ರಾಣಿಗೆ ರೆಕ್ಕೆ ಹಚ್ಚಿ ಗೊಂಬೆ ಮಾಡುತ್ತಾನೆ. ಬಾಸ್‌ನನ್ನು ಸದಾ ರೇಗಿಸುತ್ತಾನೆ. ಅವನು ಟ್ರಾನ್ಸ್ ಅನ್ನುವುದು ಹೆಂಡದಂಗಡಿಯಲ್ಲಿ ಕೂತು ಮಾತಾಡಿಸಿದರೆ ತಿಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮುಂದೆ ಒಂದು ಗಳಿಗೆ ಬರುತ್ತದೆ. ಮೈತ್ರಿಗಾಗಿ ಬುಲ್‌ನ ಜನರಾದ ಕುನಾರಿಗಳ ಹಡಗನ್ನು ಉಳಿಸಬೇಕಾ, ಕ್ರೆಮ್‌ನ ತಂಡವನ್ನು ಹಿಂದಕ್ಕೆ ಕರೆಸಬೇಕಾ? ಅಲ್ಲಿ ನನಗೆ ಬೆವರು ಬಂದಿತ್ತು. ಟ್ರಾನ್ಸ್ ಪಾತ್ರ ಸಾಯುತ್ತದೆ ಅಂತಲ್ಲ, ಕ್ರೆಮ್ ಸಾಯುತ್ತಾನೆ ಅಂತ.

ಇನ್ನು ಡೋರಿಯನ್. ಅದೇ ಗೇಮ್. ಟೆವಿಂಟರ್‌ನ ದೊಡ್ಡ ಮನೆತನದ ಮಂತ್ರವಾದಿ. ಅಲ್ಲಿ ಮಂತ್ರಶಕ್ತಿಯ ರಕ್ತ ಕೆಡದ ಹಾಗೆ ಮನೆತನ ನೋಡಿ ಮದುವೆ ಮಾಡುತ್ತಾರೆ. ಇವನಿಗೆ ಗಂಡಸರೇ ಇಷ್ಟ. ಮಗನನ್ನು "ಸರಿ ಮಾಡಲು" ಅಪ್ಪನೇ ರಕ್ತಮಂತ್ರಕ್ಕೆ ಕೈ ಹಾಕುತ್ತಾನೆ, ಇಡೀ ಜನ್ಮ ಆ ವಿದ್ಯೆಯನ್ನು ಬೈದುಕೊಂಡು ಬಂದ ಅಪ್ಪ! ರೆಡ್‌ಕ್ಲಿಫ್‌ನ ಹೋಟೆಲ್‌ನಲ್ಲಿ ಅಪ್ಪ ಮಗ ಎದುರುಬದುರಾಗುವ ದೃಶ್ಯ ನೋಡಿ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವ ಮಾತು ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ ಇದೇ ಗೇಮ್ 2014ರ ನವೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಆಗಲೇ ಇಲ್ಲ. ಇಲ್ಲಿನ ಅಶ್ಲೀಲತೆಯ ಕಾನೂನಿಗೆ ಸಿಕ್ಕಿಕೊಳ್ಳಬಾರದೆಂದು ಗೇಮ್ ಹೊರತರುವ ಇಎ ಕಂಪನಿ ಹಿಂದಕ್ಕೆ ತೆಗೆದುಕೊಂಡಿತು. ಹಿಂದಿನ ವರ್ಷದ ಡಿಸೆಂಬರ್‌ನಲ್ಲಷ್ಟೇ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂಗೆ ಮತ್ತೆ ಜೀವ ಕೊಟ್ಟಿತ್ತು. ನಮ್ಮಂಥವರ ಪಾಲಿಗೆ ಅದು ಹೋದದ್ದು 2018ರ ಸೆಪ್ಟೆಂಬರ್‌ನಲ್ಲಿ. ಎರಡಕ್ಕೂ ನಂಟಿದೆ ಅಂತ ಆಗ ತುಂಬಾ ಜನ ಊಹಿಸಿದರು, ನಾನೂ ಕೂಡ.

ಡೋರಿಯನ್‌ನಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಹೆಣ್ಣು ಪಾತ್ರ ಮಾಡಿಕೊಂಡು ಎಷ್ಟೇ ಫ್ಲರ್ಟ್ ಮಾಡಿ, ಅವನು ಸ್ನೇಹಿತನಾಗಿ ಉಳಿಯುತ್ತಾನೆ, ಅಷ್ಟೇ. ಆಡುವವನಿಗೆ "ಬೇಡ" ಅನ್ನಬಲ್ಲ ಪಾತ್ರಕ್ಕೆ ತನ್ನದೇ ಬದುಕು ಇದೆ. ಬೊಮ್ಮನಿಗೆ ಈ ಒಂದು ಮಾತು ಕೊಡಿ. ಮೊದಲ ಡೈಲಾಗ್‌ನಲ್ಲಿ ಅವನು ತನ್ನ ಬಿಲ್ಲಿನ ಬಗ್ಗೆ ಮಾತಾಡಲಿ, ಕೆರೆಯನ್ನು ಬೈಯಲಿ.

ಮೈಸೂರು_ಬಾರ್ಡ್:

ಮೇಜ್ ಅಣ್ಣ, ಬಹಳ ಚೆನ್ನಾಗಿ ಬರೆದಿದ್ದೀರಿ, ಆದರೆ "ಬೇಡ" ವಿಷಯದಲ್ಲಿ ನಾನು ಒಪ್ಪಲ್ಲ. ನಾನು ಲೆಸ್ಬಿಯನ್. ಹೊರಗೆ ಕೇಳಿಸಿಕೊಂಡಿರೋ "ಬೇಡ"ಗಳೇ ಸಾಕಾಗಿವೆ. 2009ರ ಡ್ರ್ಯಾಗನ್ ಏಜ್: ಆರಿಜಿನ್ಸ್‌ನಲ್ಲಿ ನನ್ನ ಹೆಣ್ಣು ಪಾತ್ರ ಪ್ರೀತಿ ಮಾಡಬಹುದಾದ ಹೆಂಗಸು ಪಾರ್ಟಿಯಲ್ಲಿ ಲೆಲಿಯಾನಾ ಒಬ್ಬಳೇ. ಬಾಲ್ಡರ್ಸ್ ಗೇಟ್ 3ರಲ್ಲಿ ಕಾರ್ಲಾಕ್, ಶ್ಯಾಡೋಹಾರ್ಟ್, ಲೇಜೆಲ್, ಯಾರನ್ನಾದರೂ ಆರಿಸಬಹುದು. ಆ ಸಮಾಧಾನವೇ ಬೇರೆ. ಅದೇ ಗೇಮ್‌ನಲ್ಲಿ ಏಲಿನ್, ಇಸೊಬೆಲ್ ಜೋಡಿಯೂ ಇದೆ. ಅವರ ಪ್ರೀತಿಗೆ ನಮ್ಮ ಅಪ್ಪಣೆ ಬೇಕಾಗಿಲ್ಲ. ಎರಡನ್ನೂ ಮಾಡಬಹುದು ಅಲ್ವಾ?

ನನಗೆ ಚಿಂತೆ ಹೊನ್ನಮ್ಮನದು. ಟ್ರಾನ್ಸ್ ಹೆಂಗಸು ಅಂದ ಕೂಡಲೇ ಗುಡಿ, ಮದ್ದು, ಆಶೀರ್ವಾದ. ಮಿಝೆನಾ ಕೂಡ ಪೂಜಾರಿಣಿಯೇ. ಮಂಜಮ್ಮ ಜೋಗತಿ ಅವರನ್ನು ನೋಡಿ. ಎಲ್ಲಮ್ಮನ ನಾಟಕಗಳಲ್ಲಿ ಪಾತ್ರ ಕಟ್ಟಿದರು, ಕುಣಿದರು, ಹಾಡಿದರು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ ಕಚೇರಿ ನಡೆಸಿದರು. ಹೊನ್ನಮ್ಮನಿಗೂ ಒಂದು ಹಟ, ಒಂದು ವ್ಯವಹಾರ, ಒಂದು ಹಳೇ ದ್ವೇಷ ಇರಲಿ. ಮದ್ದಿಗೆ ದುಡ್ಡು ಜಾಸ್ತಿ ಕೇಳಲಿ!

ದಾವಣಗೆರೆ_ಡ್ರೂಯಿಡ್:

ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ತಮ್ಮನಿಗೂ ಓದಿಸಿದೆ. ಹೊನ್ನಮ್ಮನನ್ನು ಗುಡಿಯಿಂದ ಎಬ್ಬಿಸಿ ಕೆರೆ ದಾಟಿಸುವ ದೋಣಿಯ ಒಡತಿ ಮಾಡುತ್ತಿದ್ದೇವೆ. ಸಾಲ ಹೇಳಿದರೆ ನಡುನೀರಿನಲ್ಲೇ ಇಳಿಸುತ್ತಾಳೆ. ಬೊಮ್ಮ ಹೆಣ್ಣು ನಾಯಕಿಗೆ ಬೇಡ ಅನ್ನುತ್ತಾನೆ, ಗಂಡು ನಾಯಕನಿಗೂ ಮೊದಲ ಸಲ ಬೇಡವೇ. ಪಾರ್ಟಿಗೆ ಇನ್ನೊಬ್ಬಳನ್ನು ಸೇರಿಸುತ್ತೇವೆ, ಬಾರ್ಡ್ ಅಕ್ಕ, ಅವಳು ಯಾರಿಗೂ ಬೇಡ ಅನ್ನುವುದಿಲ್ಲ.

ಕೊನೆಗೊಂದು ಟೆಕ್ನಿಕಲ್ ಪ್ರಶ್ನೆ: ಬೊಮ್ಮ ಒಮ್ಮೆ ಬೇಡ ಅಂದದ್ದನ್ನು ಸೇವ್ ಫೈಲ್‌ನಲ್ಲಿ ಹೇಗೆ ಇಡುವುದು? ಈಗ ಲೋಡ್ ಮಾಡಿದ ತಕ್ಷಣ ಮರೆತುಬಿಡುತ್ತಿದ್ದಾನೆ.