ಸಹಾಯ ಬೇಕು: ಮೈಎಸ್‌ಕ್ಯೂಎಲ್ ಸೇರಿಸಿ ಸಾಫ್ಟ್‌ವೇರ್ ಮಾರಬಹುದಾ?

ಎಲ್ಲರಿಗೂ ನಮಸ್ಕಾರ. ಅಡಿಕೆ ಮಂಡಿಗಳಿಗಾಗಿ ಜಾವಾದಲ್ಲಿ ಲೆಕ್ಕದ ಸಾಫ್ಟ್‌ವೇರ್ ಮಾಡಿದ್ದೇವೆ, ಡೇಟಾಬೇಸ್ ಮೈಎಸ್‌ಕ್ಯೂಎಲ್ ಕಮ್ಯುನಿಟಿ (ಒರಾಕಲ್ ಕಂಪನಿಯ ಉಚಿತ ಆವೃತ್ತಿ). ಇದರ ಲೈಸೆನ್ಸ್ ಜಿಪಿಎಲ್ 2, ಅಂದರೆ ಇದರ ಕೋಡ್ ಸೇರಿಸಿ ಹಂಚಿದರೆ ನಮ್ಮ ಸೋರ್ಸ್ ಕೋಡನ್ನೂ ಕೊಡಬೇಕಾಗಬಹುದು. ನಮ್ಮದೇ ಸರ್ವರ್‌ನಲ್ಲಿ ಓಡಿಸುವಾಗ ಚಿಂತೆ ಇರಲಿಲ್ಲ, ಜಿಪಿಎಲ್ 2ರ ಷರತ್ತು ಬರೋದು ತಂತ್ರಾಂಶದ ಪ್ರತಿಯನ್ನು ಬೇರೆಯವರಿಗೆ ಹಂಚಿದಾಗ. ಈಗ ಮಂಡಿಯವರು ನೆಟ್ ಇಲ್ಲದಿದ್ದರೂ ನಡೀಬೇಕು ಅಂತಾರೆ. ಅಂದರೆ ಮೈಎಸ್‌ಕ್ಯೂಎಲ್ ಸರ್ವರ್, ಜಾವಾವನ್ನು ಅದಕ್ಕೆ ಜೋಡಿಸುವ ಜೆಡಿಬಿಸಿ ಕನೆಕ್ಟರ್ ಎರಡನ್ನೂ ಇನ್‌ಸ್ಟಾಲರ್‌ಗೆ ಸೇರಿಸಿ ಕೊಡಬೇಕು. ನಮ್ಮ ಸೋರ್ಸ್ ಕೋಡ್ ಬಿಟ್ಟುಕೊಡೋದು ಆಗಲ್ಲ, ಅದೇ ನಮ್ಮ ಹೊಟ್ಟೆಪಾಡು. ಮೈಎಸ್‌ಕ್ಯೂಎಲ್ ಕನೆಕ್ಟರ್ ಕೂಡ ಜಿಪಿಎಲ್, ಅದರ ವಿನಾಯಿತಿ ಓಪನ್ ಸೋರ್ಸ್ ತಂತ್ರಾಂಶಗಳಿಗೆ ಮಾತ್ರ.

ಒರಾಕಲ್‌ನಿಂದ ವಾಣಿಜ್ಯ ಲೈಸೆನ್ಸ್ ಕೊಳ್ಳಲೇಬೇಕಾ? ಮರಿಯಾಡಿಬಿಯ (ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಡೇಟಾಬೇಸ್) ಎಲ್‌ಜಿಪಿಎಲ್ (ಜಿಪಿಎಲ್‌ಗಿಂತ ಸಡಿಲ ಲೈಸೆನ್ಸ್) ಕನೆಕ್ಟರ್ ಬಳಸಿ, ಸರ್ವರನ್ನು ಗ್ರಾಹಕರೇ ಇಳಿಸಿಕೊಂಡರೆ ಸಾಕಾ? ಪೋಸ್ಟ್‌ಗ್ರೆಸ್ ಅನ್ನೋ ಬೇರೆ ಡೇಟಾಬೇಸ್ ಆದರೆ ಹಕ್ಕುಸ್ವಾಮ್ಯದ ಸೂಚನೆ, ಲೈಸೆನ್ಸ್ ಪಠ್ಯ ಉಳಿಸಿದರೆ ಆಯ್ತು, ಆದರೆ ಸ್ಟೋರ್ಡ್ ಪ್ರೊಸೀಜರ್‌ಗಳನ್ನೆಲ್ಲ (ಡೇಟಾಬೇಸ್ ಒಳಗೇ ಇಟ್ಟ ಪ್ರೋಗ್ರಾಂಗಳು) ಮತ್ತೆ ಬರೀಬೇಕು. ಹೀಗೆ ಮಾರಿ ಅನುಭವ ಇರೋರು, ಲೈಸೆನ್ಸ್ ವಿಷಯ ಬಲ್ಲ ವಕೀಲರು ಇದ್ದರೆ ದಯವಿಟ್ಟು ತಿಳಿಸಿ.